ಕೀಲುನೋವಿನ ಮಗುವಿನ ಮಾತನ್ನು ಮೊದಲು ನಂಬಿ

"ಬೆಳಿಗ್ಗೆ ಏಳೋಕೇ ಆಗಲ್ಲ ಅಂತಾನೆ, ಸಂಜೆ ನೋಡಿದ್ರೆ ಕ್ರಿಕೆಟ್ ಆಡ್ತಿರ್ತಾನೆ. ಸ್ಕೂಲ್ ತಪ್ಪಿಸೋಕೆ ನಾಟಕ ಅಲ್ವಾ ಡಾಕ್ಟ್ರೇ?"

ಅಲ್ಲ. ಈ ಕಾಯಿಲೆ ಇರುವುದೇ ಹಾಗೆ. 16 ವರ್ಷ ತುಂಬುವ ಮೊದಲೇ ಕೀಲು ಊದಿಕೊಂಡು, 6 ವಾರವಾದರೂ ಇಳಿಯದೆ, ಬೇರೆ ಕಾರಣವೂ ಸಿಗದಿದ್ದರೆ ಅದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ ಅನ್ನುತ್ತೇವೆ. ರಾತ್ರಿಯಿಡೀ ಅಲುಗಾಡದ ಕೀಲು ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ. ಹಾಗಾಗಿ ಮೊದಲ ಪೀರಿಯಡ್ ತಪ್ಪಿಸಿಕೊಂಡ ಹುಡುಗ ಸಂಜೆ ಬ್ಯಾಟ್ ಹಿಡಿದರೆ ಎರಡೂ ನಿಜವೇ.

ನೋವಿಗೆ ಮಾತ್ರೆ ಇದೆ, ಆದರೆ ನಾನು ಹೇಳುತ್ತಿರುವುದನ್ನು ಯಾರೂ ನಂಬಲ್ಲ ಅನ್ನೋ ಮಗುವಿನ ಸಂಕಟಕ್ಕೆ ಮಾತ್ರೆ ಇಲ್ಲ. ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ಮುಚ್ಚಳ ತಿರುಗಿಸಲು ಮಣಿಕಟ್ಟು ನೋವು, ಗೆಳತಿಯನ್ನು ಕೇಳಲು ನಾಚಿಕೆ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಅಲ್ಲಿ ಮಂಡಿ ಮಡಚಿ ಕೂತರೆ ಏಳಲು ಆಗಲ್ಲ. ಅಮ್ಮನಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ. ನಾವು ಮಗುವಿಗೊಂದು, ತಂದೆತಾಯಿಗೊಂದು ಪ್ರಶ್ನಾವಳಿ ಬೇರೆ ಬೇರೆಯಾಗಿ ಕೊಡುವುದು ಇದಕ್ಕೇ. ಎರಡರ ಉತ್ತರಗಳು ಎಷ್ಟೋ ಸಲ ಹೊಂದುವುದೇ ಇಲ್ಲ.

ಇನ್ನು ಔಷಧಿ. ಕೀಲಿನ ಊತ ಹತೋಟಿಗೆ ತರುವ ಮಿಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ, ಆದರೆ ಕೆಲವು ಮಕ್ಕಳಿಗೆ ಆ ಹಳದಿ ಬಣ್ಣ ನೋಡಿದರೇ ವಾಂತಿ ಬರುತ್ತದೆ, ಹಿಂದಿನ ದಿನದಿಂದಲೇ ಮಂಕಾಗುತ್ತಾರೆ. ಹಠ ಅಂತ ಬೈಯಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಬಂದು ಹೇಳಿ, ವಾಂತಿ ತಡೆಯುವ ಮಾತ್ರೆ ಕೊಡಬಹುದು, ಕೊಡುವ ವಿಧಾನ ಬದಲಿಸಬಹುದು. ಸ್ಟೀರಾಯ್ಡ್‌ನಿಂದ ಮುಖ ಊದಿದ ಹುಡುಗಿಗೆ "ದಪ್ಪ ಆಗ್ಬಿಟ್ಟಿದೀಯಲ್ಲೇ" ಅನ್ನುವ ನೆಂಟರ ಬಾಯನ್ನು ಮಾತ್ರ ಮನೆಯವರೇ ಮುಚ್ಚಿಸಬೇಕು.

ನನಗೆ ತುಂಬಾ ಬೇಸರವಾಗುವುದು "ಹೆಣ್ಣುಮಗು, ಶಾಲೆಯಲ್ಲಿ ಯಾರಿಗೂ ಗೊತ್ತಾಗೋದು ಬೇಡ" ಅಂದಾಗ. ಮುಂದೆ ಮದುವೆಗೆ ತೊಂದರೆಯಾದೀತು ಅನ್ನೋ ಭಯ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟರೆ ಟೀಚರ್ ಕಣ್ಣಿಗೆ ಅವಳು ಸೋಮಾರಿಯಾಗಿಯೇ ಕಾಣುತ್ತಾಳೆ, ಆ ಗುಟ್ಟನ್ನು ದಿನವಿಡೀ ಹೊರುವವಳೂ ಅವಳೇ.

ಮಗು ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಎಲ್ಲಕ್ಕೂ ಸಿಡುಕುತ್ತದೆ, ಗೆಳೆಯರ ಜೊತೆ ಸೇರುತ್ತಿಲ್ಲ ಅಂದರೆ ಕೀಲಿನ ಊತ ಇಳಿದಿದ್ದರೂ ನಮಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಶಾಲೆಗೆ ನಮ್ಮಿಂದ ಒಂದು ಪತ್ರ ಬರೆಸಿಕೊಂಡು ಹೋಗಿ. ಪ್ರೇಯರ್ ವೇಳೆ ಕೂರಲು ಬಿಡಲಿ, ಬರೆಯಲು ಸ್ವಲ್ಪ ಜಾಸ್ತಿ ಸಮಯ ಕೊಡಲಿ, ತರಗತಿ ನೆಲಮಹಡಿಯಲ್ಲಿರಲಿ. ಪಿ.ಟಿ. ಪೀರಿಯಡ್‌ನಲ್ಲಿ ಸುಮ್ನೆ ಮೂಲೆಯಲ್ಲಿ ಕೂರಿಸುವುದು ಬೇಡ. ಇವತ್ತು ಎಷ್ಟು ಆಡಬಲ್ಲೆ ಅಂತ ಮಗುವನ್ನೇ ಕೇಳಲಿ.