ಉಳಿಸಲಾಗಿಲ್ಲವೋ, ಉಳಿಸಲಾಗಲಿಲ್ಲವೋ?

ಸಾಫ್ಟ್‌ವೇರ್ ಸಂದೇಶಗಳನ್ನು ತಿದ್ದುವುದು ನನ್ನ ಕೆಲಸ. ಒಮ್ಮೆ ‘ಫೈಲ್ ಉಳಿಸಲಾಗಿಲ್ಲ’ ಎಂಬ ಸಾಲಿನ ಮೇಲೆ ಅರ್ಧ ಗಂಟೆ ವಾದ ನಡೆಯಿತು. ‘ಅರ್ಥ ಆಗುತ್ತೆ ಅಲ್ವಾ, ಬಿಡಿ’ ಎಂದರು ಪ್ರೋಗ್ರಾಮರ್. ನಾನು ಬಿಡಲಿಲ್ಲ. ‘ಉಳಿಸಲಾಗಿಲ್ಲ’ ಎಂದರೆ ಇನ್ನೂ ಉಳಿಸಿಲ್ಲ ಎಂದಷ್ಟೇ. ‘ಉಳಿಸಲಾಗಲಿಲ್ಲ’ ಎಂದರೆ ಉಳಿಸಲು ಹೋಗಿ ಆಗದೆ ಹೋಯಿತು. ಮೊದಲನೆಯದನ್ನು ಓದಿದವರು ಬಟನ್ ಒತ್ತುತ್ತಾರೆ. ಎರಡನೆಯದನ್ನು ಓದಿದವರು ಏನು ಅಡ್ಡಿಯಾಯಿತು ಎಂದು ಹುಡುಕುತ್ತಾರೆ. ಕೊನೆಗೆ ‘ಫೈಲ್ ಉಳಿಸಲು ಆಗಲಿಲ್ಲ. ಡಿಸ್ಕ್‌ನಲ್ಲಿ ಜಾಗವಿಲ್ಲ.’ ಎಂದು ಬರೆದೆವು.

ವ್ಯಾಕರಣದ ಜಗಳ ಎಷ್ಟೋ ಸಲ ಕೋಡ್‌ನ ತಪ್ಪನ್ನೇ ಹಿಡಿದುಕೊಡುತ್ತದೆ. ಪ್ರೋಗ್ರಾಂ ಆಮೇಲೆ ತುಂಬಲಿ ಎಂದು ಸಂದೇಶದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಅದಕ್ಕೆ ‘ಗೆ’ ಅಂಟಿಸುವುದನ್ನೇ ನೋಡಿ. ‘ರವಿಗೆ’ ಸರಿ. ಆದರೆ ‘ರಾಮಗೆ’, ‘ಗುರುಗೆ’? ರಾಮನಿಗೆ, ಗುರುವಿಗೆ ಎಂದಾಗಬೇಕು. ಯಾವ ಹೆಸರು ಬರುತ್ತದೋ ಮೊದಲೇ ಗೊತ್ತಿಲ್ಲ. ಹಾಗಾಗಿ ಗೊತ್ತಿರುವ ಪದಕ್ಕೆ ಪ್ರತ್ಯಯ ಹಚ್ಚಬೇಕು: ‘ಗುರು ಅವರಿಗೆ ಸಂದೇಶ ಕಳುಹಿಸಲಾಗಿದೆ’. ‘ಅವರು’ ಬಂದರೆ ಬಂದನು, ಬಂದಳು ಎಂಬ ಗೊಂದಲವೂ ಇಲ್ಲ, ಗೌರವವೂ ಉಳಿಯುತ್ತದೆ. ಫೈಲ್‌ಗೂ ಇದೇ ದಾರಿ: ‘“ವರದಿ” ಎಂಬ ಫೈಲನ್ನು ಅಳಿಸಬೇಕೆ?’

ಏಕವಚನ, ಬಹುವಚನದಲ್ಲಿ ಇನ್ನೂ ಸೂಕ್ಷ್ಮವಾದ ಗುಂಡಿ ಇದೆ. ಯಾವ ಭಾಷೆಯಲ್ಲಿ ಸಂಖ್ಯೆ, ದಿನಾಂಕ, ವಚನ ಹೇಗೆ ಎಂದು ಸಾಫ್ಟ್‌ವೇರ್‌ಗಳಿಗೆ ತಿಳಿಸುವ ಯೂನಿಕೋಡ್‌ನ ಸಿಎಲ್‌ಡಿಆರ್ ದತ್ತಾಂಶದಲ್ಲಿ ಅರಬ್ಬಿಗೆ 6 ವಚನರೂಪ, ಜಪಾನಿಗೆ 1, ಕನ್ನಡಕ್ಕೆ 2. ಕನ್ನಡದಲ್ಲಿ 0 ಕೂಡ 1ರ ಗುಂಪಿಗೇ ಸೇರುತ್ತದೆ. ಏಕವಚನದ ಸಾಲಿನಲ್ಲಿ ‘1 ಫೈಲ್ ಸಿಕ್ಕಿದೆ’ ಎಂದು ಅಂಕಿಯನ್ನೇ ಬರೆದುಬಿಟ್ಟರೆ, ಏನೂ ಸಿಗದಿದ್ದಾಗಲೂ ಅದೇ ಸಾಲು ಕಾಣಿಸುತ್ತದೆ! ಅಂಕಿಯ ಜಾಗವನ್ನು ಪ್ರೋಗ್ರಾಂ ತುಂಬುವಂತೆ ಖಾಲಿಯೇ ಬಿಡಬೇಕು. ಸೊನ್ನೆಗೆ ‘ಯಾವ ಫೈಲೂ ಸಿಗಲಿಲ್ಲ’ ಎಂದು ಬೇರೆಯೇ ಬರೆದರೆ ಇನ್ನೂ ಒಳ್ಳೆಯದು.

ಚಿಹ್ನೆಗಳ ವಿಷಯದಲ್ಲಿ ನನ್ನ ಪಟ್ಟು ಕಡಿಮೆ. ಬಟನ್‌ಗೆ ಪೂರ್ಣವಿರಾಮ ಬೇಡ, ಪೂರ್ತಿ ವಾಕ್ಯಕ್ಕೆ ಬೇಕು. ಮೆನುವಿನಲ್ಲಿ ‘ಹೀಗೆ ಉಳಿಸಿ…’ ಎಂಬ ಚುಕ್ಕಿಗಳು ಸುಮ್ನೆ ಬಂದಿಲ್ಲ, ಮುಂದೆ ಇನ್ನೊಂದು ಪ್ರಶ್ನೆ ಇದೆ ಎಂದು ಹೇಳುತ್ತವೆ. ತಪ್ಪಾಗಿದೆ ಎಂದು ತಿಳಿಸುವಾಗ ಆಶ್ಚರ್ಯಸೂಚಕ ಹಾಕಲೇಬೇಡಿ. ಮೊದಲೇ ಗಾಬರಿಯಾದವರ ಮೇಲೆ ಕೂಗಿದಂತಾಗುತ್ತದೆ. ‘ಆರ್ಡರ್ ರದ್ದು ಮಾಡಬೇಕೆ?’ ಎಂದು ಕೇಳಿ, ಕೆಳಗೆ ‘ರದ್ದು’, ‘ಸರಿ’ ಎಂಬ ಬಟನ್ ಇಟ್ಟರೆ ಯಾವುದನ್ನು ಒತ್ತುವುದು? ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಸರಿಯಾಗಿದ್ದೂ ಪ್ರಯೋಜನವಿಲ್ಲ. ‘ರದ್ದು ಮಾಡಿ’, ‘ಆರ್ಡರ್ ಇರಲಿ’ ಎಂದು ಬರೆಯಿರಿ.

ಈ ವಾದ ಯಾವಾಗ ನಡೆಯುತ್ತದೆ ಎನ್ನುವುದೂ ಮುಖ್ಯ. ಸಂದೇಶಗಳ ಅನುವಾದವನ್ನು ನಿಭಾಯಿಸುವ ಗೆಟ್‌ಟೆಕ್ಸ್ಟ್ ಎಂಬ ಸಾಧನ ಬಳಸುವ ಸಾಫ್ಟ್‌ವೇರ್‌ನಲ್ಲಿ ಮೂಲ ವಾಕ್ಯವೇ ಅನುವಾದವನ್ನು ಹುಡುಕುವ ಕೀಲಿ. ಅಲ್ಲಿ ಒಂದು ಚುಕ್ಕಿ ಬದಲಾಯಿಸಿದರೂ ಹಳೆಯ ಅನುವಾದ ಹೊಂದುವುದಿಲ್ಲ. ಅನುವಾದದ ಫೈಲುಗಳನ್ನು ಹೊಸದಾಗಿ ಹೊಂದಿಸಿದಾಗ ಆ ಹಳೆಯ ಅನುವಾದಕ್ಕೆ ‘ಫಝಿ’, ಅಂದರೆ ಮತ್ತೆ ನೋಡಬೇಕು, ಎಂಬ ಗುರುತು ಬೀಳುತ್ತದೆ. ಅನುವಾದಕರು ಮತ್ತೆ ನೋಡಿ ಒಪ್ಪುವ ತನಕ ಬಳಕೆದಾರರಿಗೆ ಮೂಲ ಭಾಷೆಯ ಸಾಲೇ ಕಾಣುತ್ತದೆ. ಆದ್ದರಿಂದ ಅಲ್ಪವಿರಾಮದ ವಾದವನ್ನು ಬಿಡುಗಡೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಅನುವಾದಕ್ಕೆ ಕಳಿಸುವ ಮುಂಚೆಯೇ ಕೂತು, ಜೋರಾಗಿ ಓದಿ, ಮನಸಾರೆ ವಾದಿಸಿ ಮುಗಿಸಿ.