ಮಗ್ಗಿಗೆ ಮೊದಲು ಲಿಂಬೆಯ ಗುಂಪು

ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ‘ಏಳು ಆರಲೆ ಎಷ್ಟು?’ ಎಂದು ಕೇಳಿದೆ. ಕಣ್ಣು ಮುಚ್ಚಿ ‘ಏಳು ಒಂದಲೆ ಏಳು’ ಎಂದು ಆರಂಭಿಸಿ, ಒಂದೇ ಉಸಿರಿನಲ್ಲಿ ನಲವತ್ತೆರಡಕ್ಕೆ ಬಂದು ನಿಂತಳು. ‘ಏಳು ಏಳಲೆ?’ ಎಂದೆ. ಮತ್ತೆ ಕಣ್ಣು ಮುಚ್ಚಿದಳು, ಮತ್ತೆ ಏಳು ಒಂದಲೆ. ನಲವತ್ತೆರಡಕ್ಕೆ ಇನ್ನೊಂದು ಏಳು ಕೂಡಿಸಿದರೆ ಸಾಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮಗ್ಗಿಯ ಪ್ರತಿ ಸಾಲಿನಲ್ಲೂ ಒಂದು ಏಳು ಬಂದು ಸೇರುತ್ತದೆ ಎಂಬುದನ್ನು ನಾವು ಶಿಕ್ಷಕರು ಅವಳಿಗೆ ತೋರಿಸಿಯೇ ಇರಲಿಲ್ಲ.

ಮಗ್ಗಿಯ ಬಾಯಿಪಾಠ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ತರಗತಿಯಲ್ಲಿ ಅದು ಇಂದಿಗೂ ನಡೆಯುತ್ತದೆ. ಆದರೆ ಅದಕ್ಕೂ ಮೊದಲು ಲಿಂಬೆಹಣ್ಣು. ನಾನು ಪಾಠ ಮಾಡುವುದು ಇಂಡಿ ತಾಲ್ಲೂಕಿನಲ್ಲಿ, ಲಿಂಬೆಗೆ ಹೆಸರಾದ ಸೀಮೆಯಲ್ಲಿ. ಒಂದು ಬುಟ್ಟಿ ಹಣ್ಣನ್ನು ನೆಲಕ್ಕೆ ಸುರಿದು ಎಣಿಸಲು ಹೇಳುತ್ತೇನೆ. ಮೊದಮೊದಲು ಒಂದೊಂದಾಗಿ ಎಣಿಸುತ್ತಾರೆ. ಇಪ್ಪತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿ ಜಗಳವಾಗುತ್ತದೆ. ಆಗ ಯಾರಾದರೊಬ್ಬರು, ಮನೆಯಲ್ಲಿ ಹಿರಿಯರು ಮಾಡುವುದನ್ನು ನೋಡಿದವರು, ಐದೈದು ಹಣ್ಣುಗಳನ್ನು ಬದಿಗೆ ಸರಿಸತೊಡಗುತ್ತಾರೆ: ಐದು, ಹತ್ತು, ಹದಿನೈದು. ನನಗೆ ಬೇಕಾದದ್ದು ಆ ಗಳಿಗೆ. ಐದು ಹಣ್ಣು ಸೇರಿ ಒಂದು ಗುಂಪು ಎಂದು ಮಗುವಿನ ಮನಸ್ಸು ಒಪ್ಪಿಕೊಂಡಿತು.

ಹೀಗೆ ಒಂದೊಂದು ಗುಂಪಿಗೆ ಒಂದೊಂದು ಸಲ ಜಿಗಿದು ಎಣಿಸುವಾಗ ಎರಡು ಎಣಿಕೆಗಳು ಒಟ್ಟಿಗೆ ನಡೆಯುತ್ತವೆ. ಬಾಯಿ ‘ನಾಲ್ಕು, ಎಂಟು’ ಎನ್ನುತ್ತಿದ್ದರೆ, ಎಷ್ಟು ಸಲ ಜಿಗಿದೆವು ಎಂಬುದನ್ನು ಬೆರಳು ನೆನಪಿಡಬೇಕು. ಮಕ್ಕಳು ಎಡವುವುದು ಇಲ್ಲಿಯೇ. ಸೊನ್ನೆಯ ಮೇಲೆ ನಿಂತಾಗಲೇ ಕೆಲವರು ಒಂದು ಬೆರಳು ಮಡಚಿಬಿಡುತ್ತಾರೆ. ಅವರಿಗೆ ನಾಲ್ಕು ಮೂರಲೆ ಎಂಟಾಗುತ್ತದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಸಂಖ್ಯಾರೇಖೆ ಬರೆದು ನಿಜವಾಗಿಯೇ ಜಿಗಿಸಿ. ಜಿಗಿದು ಕಾಲು ಊರಿದ ಮೇಲೆಯೇ ಬೆರಳು ಮಡಚಬೇಕು. ಎರಡು, ಹತ್ತು, ಐದು ಮೊದಲಿರಲಿ. ಅವುಗಳ ಕೊನೆಯ ಅಂಕಿಯಲ್ಲೇ ದಾರಿ ಕಾಣುತ್ತದೆ. ಏಳು ಕಡೆಗಿರಲಿ.

ಇನ್ನೊಂದು ತೊಡಕಿದೆ. ನಮ್ಮ ಮಗ್ಗಿಯಲ್ಲಿ ‘ನಾಲ್ಕು ಮೂರಲೆ’ ಎಂದರೆ ನಾಲ್ಕನ್ನು ಮೂರು ಸಲ ಕೂಡುವುದು: 4 + 4 + 4. ಅದೇ 4 × 3 ಅನ್ನು ‘ನಾಲ್ಕು ಗುಂಪು, ಗುಂಪಿಗೆ ಮೂರು’ ಎಂದು ಓದಿಸುವುದೂ ಉಂಟು: 3 + 3 + 3 + 3. ಎರಡನ್ನೂ ಕೇಳಿದ ಮಗು ಯಾವುದು ಸರಿ ಎಂದು ಮುಖ ನೋಡುತ್ತದೆ. ಎರಡೂ ಸರಿ ಎಂದು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಹಾಗಾಗಿ ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದೆ.

ಪಿಸುಗುಟ್ಟುವ ಗ್ಯಾಲರಿಗೆ ಓಡಲು ಅವರಿಗೆ ಆತುರ. ಮೊದಲು ಹೊರಗಿನಿಂದ ಒಂದು ಸುತ್ತು ಬರೋಣ ಎಂದೆ. ಕಟ್ಟಡದ ನಾಲ್ಕು ಮೂಲೆಗಳಲ್ಲಿ ನಾಲ್ಕು ಮಿನಾರು, ಒಂದೊಂದಕ್ಕೂ ಏಳು ಅಂತಸ್ತು. ಮೂಲೆಗೊಮ್ಮೆ ನಿಂತು ಎಣಿಸಿದೆವು: ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು. ಆಮೇಲೆ ಅಂತಸ್ತು ಹಿಡಿದು ಎಣಿಸಲು ಹೇಳಿದೆ. ನೆಲದ ಅಂತಸ್ತು ನಾಲ್ಕು ಮೂಲೆಗೂ ಸೇರಿ ನಾಲ್ಕು, ಅದರ ಮೇಲಿನದು ಸೇರಿದರೆ ಎಂಟು. ಏಳನೇ ಬೆರಳಿಗೆ ಇಪ್ಪತ್ತೆಂಟೇ ಬಂದಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ‘ಏಳು ಸಲ ಜಿಗಿಯುವುದಕ್ಕಿಂತ ನಾಲ್ಕು ಸಲ ಜಿಗಿಯುವುದೇ ಹಗುರ’ ಎಂದು ಒಬ್ಬ ಹುಡುಗ ತೀರ್ಮಾನ ಕೊಟ್ಟ.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಆ ಹುಡುಗಿ ಕುಳಿತಿದ್ದಳು. ಗುಮ್ಮಟ ಮರೆಯಾಗುವವರೆಗೂ ನೋಡಿ ನನ್ನತ್ತ ತಿರುಗಿದಳು. ‘ಸರ್, ಇನ್ನೊಂದು ಮಿನಾರು ಇದ್ದಿದ್ದರೆ ಮೂವತ್ತೈದು’ ಎಂದಳು. ಈ ಸಲ ಅವಳು ಕಣ್ಣು ಮುಚ್ಚಿರಲಿಲ್ಲ.