ಆ ಚೌಕದ ಅರ್ಥ ಏನು ಸಾರ್?

"ಭಾನುವಾರ ಒಂದು ಗ್ಯಾಲರಿಗೆ ಹೋಗಿದ್ದೆವು. ಗೋಡೆ ತುಂಬ ಬಣ್ಣಬಣ್ಣದ ಚೌಕ, ತ್ರಿಕೋನ, ಪಟ್ಟೆ. ನೋಡೋಕೆ ಚೆನ್ನಾಗಿತ್ತು, ಆದರೆ ಒಂದೂ ಅರ್ಥ ಆಗಲಿಲ್ಲ. ಕೆಂಪು ಅಂದರೆ ಕೋಪ, ನೀಲಿ ಅಂದರೆ ಶಾಂತಿ, ಹಾಗೇ ತ್ರಿಕೋನಕ್ಕೂ ಏನೋ ಇರಬೇಕಲ್ವಾ? ಇದನ್ನೆಲ್ಲ ಓದೋದು ಹೇಗೆ?"

ಓದೋದು ಬೇಡ, ಅಲ್ಲಿ ಏನೂ ಬರೆದಿಲ್ಲ. ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೆ ಅಂದರೆ, ಈಗ ಪ್ರಶ್ನೆಯ ಮೊದಲ ಸಾಲು ನೋಡಿದರೆ ಸಾಕು, ಕೆಂಪು-ಕೋಪ ಎಲ್ಲಿ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಚೆನ್ನಾಗಿತ್ತು ಅಂತ ನೀವೇ ಬರೆದಿದ್ದೀರಿ. ಮತ್ತೆ ಆ 'ಆದರೆ' ಯಾಕೆ?

ಕೆಂಪು ಅಂದರೆ ಕೋಪವಂತೆ. ಹಾಗಾದರೆ ನವೆಂಬರ್ 1ಕ್ಕೆ ಊರೆಲ್ಲ ಹಳದಿ-ಕೆಂಪು ಬಾವುಟ ಕಟ್ಟುತ್ತೇವಲ್ಲ, ಯಾರ ಮೇಲೆ ಕೋಪ? ಹಣೆಯ ಕುಂಕುಮ ಕೋಪವಾ? ಸಿಗ್ನಲ್‌ನಲ್ಲಿ ಅದೇ ಕೆಂಪು 'ನಿಲ್ಲಿ' ಅನ್ನುತ್ತದೆ, ತರಕಾರಿ ಅಂಗಡಿಯಲ್ಲಿ 'ಟೊಮೆಟೊ ಹಣ್ಣಾಗಿದೆ' ಅನ್ನುತ್ತದೆ. ಬಿಳಿ ಒಂದು ಮನೆಯಲ್ಲಿ ಸೂತಕದ ಬಣ್ಣ, ಪಕ್ಕದ ಮನೆಯಲ್ಲಿ ಮದುಮಗಳ ಗೌನು. ಬಣ್ಣಕ್ಕೆ ನಿಘಂಟು ಇಲ್ಲ ಸ್ವಾಮಿ.

ಹಾಗಂತ ನಿಘಂಟು ಮಾಡೋಕೆ ಯಾರೂ ಹೊರಟಿರಲಿಲ್ಲ ಅಂತಲ್ಲ. 1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಚಿತ್ರಕಾರ ಕ್ಯಾಂಡಿನ್ಸ್ಕಿ ಒಂದು ಪ್ರಶ್ನಾವಳಿ ಹಂಚಿದರು. ಒಂದು ಕಡೆ ತ್ರಿಕೋನ, ಚೌಕ, ವೃತ್ತ, ಇನ್ನೊಂದು ಕಡೆ ಹಳದಿ, ಕೆಂಪು, ನೀಲಿ. ನಮ್ಮ ಪರೀಕ್ಷೆಯ 'ಹೊಂದಿಸಿ ಬರೆಯಿರಿ' ಇದ್ದ ಹಾಗೆ. ಅವರ ಪ್ರಕಾರ ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ. ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಆಸ್ಕರ್ ಶ್ಲೆಮ್ಮರ್ ಒಪ್ಪಲಿಲ್ಲ, ಅವರಿಗೆ ವೃತ್ತವೇ ಕೆಂಪು. ಒಂದೇ ಶಾಲೆಯ ಮೇಷ್ಟ್ರುಗಳಿಗೇ ತಾಳೆಯಾಗದ್ದನ್ನು ನಾವು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೋಗಿ ಬಿಡಿಸಬೇಕಾ?

ಅದೇ ಬೌಹೌಸ್‌ನಲ್ಲಿ ಓದಿ, ಅಲ್ಲೇ ಪಾಠ ಮಾಡಿದ ಜೋಸೆಫ್ ಆಲ್ಬರ್ಸ್ ನನಗೆ ಜಾಸ್ತಿ ಇಷ್ಟ. 1950ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ, ಒಂದರೊಳಗೆ ಒಂದು ಚೌಕ ಬರೆಯೋಕೆ ಶುರು ಮಾಡಿದವರು 1976ರಲ್ಲಿ ಸಾಯುವವರೆಗೂ ಅದನ್ನೇ ಬರೆದರು. ಸಾವಿರಕ್ಕೂ ಹೆಚ್ಚು ಚಿತ್ರ, ಎಲ್ಲದರಲ್ಲೂ ಮೂರೋ ನಾಲ್ಕೋ ಚೌಕ, ಅಷ್ಟೇ. ಟ್ಯೂಬಿನಿಂದ ಬಣ್ಣ ತೆಗೆದು, ಬೆರೆಸದೆ, ಚಾಕುವಿನಲ್ಲಿ ಬಳಿಯುತ್ತಿದ್ದರು. ಟೇಪ್ ಅಂಟಿಸಿ ಅಂಚು ಹಿಡಿಯುತ್ತಿರಲಿಲ್ಲ. ಇನ್ನು ನೀವು ಹುಡುಕುವ ಗುಟ್ಟು ಇದ್ದರೆ ಚಿತ್ರದ ಬೆನ್ನಲ್ಲಿ ಇರಬೇಕು, ಅಲ್ವಾ? ಬೆನ್ನಲ್ಲಿ ಅವರು ನಿಜಕ್ಕೂ ಬರೆದಿಡುತ್ತಿದ್ದರು: ಯಾವ ಕಂಪನಿಯ ಯಾವ ಬಣ್ಣ ಬಳಸಿದೆ ಅಂತ. ದಿನಸಿ ಚೀಟಿ ಥರ.

ಅವರಿಗೆ ಬೇಕಿದ್ದದ್ದು ಒಂದು ಬಣ್ಣ ಪಕ್ಕದ ಬಣ್ಣವನ್ನು ಏನು ಮಾಡುತ್ತದೆ ಅನ್ನೋದು. ಇದು ನಿಮಗೆ ಗೊತ್ತಿರುವ ವಿಷಯವೇ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ 'ಕರೆಕ್ಟ್ ಮ್ಯಾಚ್' ಅನ್ನಿಸಿದ ಬ್ಲೌಸ್ ಪೀಸು ಮನೆಗೆ ಬಂದು ಸೀರೆ ಮೇಲೆ ಇಟ್ಟ ಕೂಡಲೇ ಬೇರೆಯೇ ಬಣ್ಣ ಆಗಿಬಿಡುತ್ತದಲ್ಲ, ಅಲ್ಲಿ ಬೆಳಕಿನ ಕೈವಾಡ ಅರ್ಧ, ಪಕ್ಕದ ಬಣ್ಣದ್ದು ಇನ್ನರ್ಧ. ನಂಬಿಕೆ ಬರದಿದ್ದರೆ ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಬಿಳಿ ಹಾಳೆಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ ಕಾಣುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ಮಾಡಿ 'ಮೋಸ!' ಅಂತ ಕೂಗುವುದನ್ನು ಕೇಳೋಕೆ ಈಗಲೂ ಖುಷಿ. ಮುಂದಿನ ಸಲ ಗ್ಯಾಲರಿಗೆ ಹೋದರೆ ಒಂದೇ ಚಿತ್ರದ ಮುಂದೆ ಎರಡು ನಿಮಿಷ ಸುಮ್ನೆ ನಿಲ್ಲಿ. ಯಾವ ಚೌಕ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ, ಅಂಚು ಎಲ್ಲಿ ಮಸುಕಾಗುತ್ತಿದೆ, ಅಷ್ಟು ನೋಡಿ. ಫೋಟೊ ಆಮೇಲೆ ತೆಗೆಯಬಹುದು.

'ಹಾಗಾದರೆ ಚಿತ್ರಕಾರ ಎಸ್.ಎಚ್. ರಝಾ ಮತ್ತೆ ಮತ್ತೆ ಬರೆದ ಆ ಬಿಂದು, ಆ ದೊಡ್ಡ ಚುಕ್ಕಿ?' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಲ್ಲಿ ಅರ್ಥ ಇದೆ, ಒಪ್ಪಿದೆ. ಚಿಕ್ಕಂದಿನಲ್ಲಿ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡು ಅಂದಿದ್ದರು ಎಂದು ರಝಾ ಅವರೇ ಹೇಳಿಕೊಂಡಿದ್ದಾರೆ. ಅದು ಅವರ ಚುಕ್ಕಿಯ ಕಥೆ. ಅದನ್ನು ಒಯ್ದು ಇನ್ನೊಬ್ಬರ ಚುಕ್ಕಿಗೆ ಅಂಟಿಸಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಅರ್ಥ ಇಲ್ಲದಿದ್ದರೆ ಮೇಲು ಯಾವುದು, ಕೆಳಗು ಯಾವುದು ಅಂತ ಗೊತ್ತಾಗೋದು ಹೇಗೆ? ಕೆಲವು ಸಲ ಗೊತ್ತಾಗಲ್ಲ. ಡಚ್ ಚಿತ್ರಕಾರ ಮೊಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪಿನ ಪಟ್ಟಿಗಳನ್ನು ಅಂಟಿಸಿ ಮಾಡಿದ 'ನ್ಯೂಯಾರ್ಕ್ ಸಿಟಿ 1' ಅನ್ನುವ ಕೃತಿ ಈಗ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿದೆ. ದಶಕಗಟ್ಟಲೆ ಅದನ್ನು ತಲೆಕೆಳಗಾಗಿಯೇ ತೂಗುಹಾಕಿದ್ದರು ಅಂತ ಅಲ್ಲಿನ ಮ್ಯೂಸಿಯಂನ ಕ್ಯುರೇಟರ್ 2022ರಲ್ಲಿ ಹೇಳಿದರು. ಕಲಾವಿದ ತೀರಿಕೊಂಡ ವರ್ಷ, 1944ರಲ್ಲಿ, ಅವರ ಸ್ಟುಡಿಯೋದಲ್ಲಿ ತೆಗೆದ ಒಂದು ಫೋಟೊದಲ್ಲಿ ಅದು ಇನ್ನೊಂದು ದಿಕ್ಕಿಗಿತ್ತು, ಪಟ್ಟಿಗಳು ಒತ್ತಾಗಿರುವ ಅಂಚು ಮೇಲಕ್ಕಿತ್ತು. ಈಗಲಾದರೂ ನೇರ ಮಾಡಿದರಾ? ಇಲ್ಲ. ತಿರುಗಿಸಿದರೆ ಹಳೆಯ ಟೇಪು ಕಿತ್ತು ಬರುತ್ತದೆ ಅಂತ ಹಾಗೇ ಬಿಟ್ಟರು.